ಹಾಡಿನ ಡಬ್ಬಿ ಪಾಲಾದದ್ದು

ನಮ್ಮ ಮನೆಯ ಪಡಸಾಲೆಯಲ್ಲಿ ಕಾಲು ಚಾಚಿ ಕೂರಲು ಜಾಗ ಸಿಕ್ಕ ದಿನ ನನಗೆ ನೆನಪಿಲ್ಲ. ಅಪ್ಪ ಲಿಂಬೆಹಣ್ಣಿನ ವ್ಯಾಪಾರಿ. ಇಂಡಿ ಊರಿನ ಸುತ್ತಲಿನ ತೋಟಗಳಿಂದ ಬಂದ ಹಣ್ಣು ಪಡಸಾಲೆಯ ಫರಸಿಯ ಮೇಲೆ ರಾಶಿ ಬೀಳುತ್ತಿತ್ತು. ಸುತ್ತ ಆರಿಸುವ ಹೆಂಗಸರು ಕುಳಿತು ದಪ್ಪಂದು ಒಂದು ಗುಂಪು, ಸಣ್ಣದು ಒಂದು ಗುಂಪು ಮಾಡುತ್ತಿದ್ದರು. ಪೆಟ್ಟು ಬಿದ್ದ ಹಣ್ಣು ಅಪ್ಪನ ತಾಯಿಗೆ ಹೋಗುತ್ತಿತ್ತು. ಅವಳನ್ನು ನಾವು ಆಯಿ ಅನ್ನುತ್ತಿದ್ದೆವು. ಅವಳು ಅದನ್ನು ಹೆಚ್ಚಿ, ಉಪ್ಪು ಬೆರೆಸಿ, ಭರಣಿ ತುಂಬಿ ಮಾಳಿಗೆಯ ಬಿಸಿಲಿಗೆ ಇಡುತ್ತಿದ್ದಳು. ಹಾಸಿಗೆಯಲ್ಲಿ, ಸಾಲೆಯ ಚೀಲದಲ್ಲಿ, ತಲೆಗೂದಲಲ್ಲಿ ಲಿಂಬೆಯ ವಾಸನೆ ಹೊತ್ತುಕೊಂಡೇ ನಾವು ಬೆಳೆದೆವು. ಮಸೂತಿ ಎಂಬ ಊರಿನಿಂದ ಬರುತ್ತಿದ್ದ ಸೋದರಮಾವ ನಮ್ಮಲ್ಲಿ ಚಹಾ ಕುಡಿಯುವಾಗಲೆಲ್ಲ, ಈ ಮನೆಯಲ್ಲಿ ಹಾಲು ಒಡೆಯದೆ ಉಳಿಯುವುದೇ ದೊಡ್ಡ ಪವಾಡ ಎಂದು ನಗುತ್ತಿದ್ದ. ಇಂಥ ಪಡಸಾಲೆಯ ಮೂಲೆಯಲ್ಲಿ, ದೇವರ ಕೋಣೆಯ ಗೋಡೆಗೆ ಹತ್ತಿಕೊಂಡು, ಒಂದು ದಿನ ಕಂಪ್ಯೂಟರ್ ಬಂದು ಕುಳಿತಿತು. ಅಪ್ಪ ಅದನ್ನು ತರಿಸಿದ್ದು ವ್ಯಾಪಾರದ ಲೆಕ್ಕಕ್ಕೆ. ಅದನ್ನು ಹಾಡಲು ಹಚ್ಚಿದವನು ಕಾಕಾ.

ಕಾಕಾ ಅಂದರೆ ಅಪ್ಪನ ಬೆನ್ನಿಗೆ ಹುಟ್ಟಿದ ತಮ್ಮ. ಅಪ್ಪನೊಂದಿಗೆ ನಾವು ‘ರಿ’ ಹಚ್ಚಿ ಮಾತಾಡುತ್ತಿದ್ದೆವು, ಕಾಕಾನಿಗೆ ಮಾತ್ರ ‘ಬಾರೋ, ಹೋಗೋ’. ಮದುವೆಯಾಗಿ ಚಿಗವ್ವ ಮನೆಗೆ ಬಂದ ಮೇಲೂ ಅವನ ಟಿವಿ ಗೇಮಿನ ಹುಚ್ಚು ಇಳಿಯಲಿಲ್ಲ. ಕ್ಯಾಸೆಟ್ಟು ಹಾಕಿ ಆಡುವ ಆ ಆಟದ ಡಬ್ಬಿ ನಮಗಿಂತ ಹೆಚ್ಚು ಅವನದಾಗಿತ್ತು. ಆದರೆ ಆಟದಲ್ಲಿ ಅವನಷ್ಟು ದಡ್ಡ ಇನ್ನೊಬ್ಬನಿರಲಿಲ್ಲ. ನೀರೊಳಗೆ ಈಜುವ ಹಂತ ಬಂತೆಂದರೆ ತನ್ನ ಆಳನ್ನು ಒಂದು ಕಲ್ಲಿನ ಮೇಲೆ ಸುಮ್ಮನೆ ನಿಲ್ಲಿಸಿ, ಕೈಯಲ್ಲಿದ್ದ ಗುಂಡಿಗಳನ್ನು ಬಿಟ್ಟು ಕಣ್ಣು ಮುಚ್ಚಿಬಿಡುತ್ತಿದ್ದ. ಅಲ್ಲಿ ಬರುವ ಸಂಗೀತ ಅವನಿಗೆ ಬೇಕಿತ್ತು.

“ಕಾಕಾ, ಮುಂದ ಹೋಗೋ! ಟೈಮ್ ಮುಗಿಯಾಕತ್ತೈತಿ!”

“ಸುಮ್ಮ ಕುಂದರ್ರಿ. ಈಗ ಛಲೋ ಜಾಗಾ ಬರತೈತಿ.”

ಆ ‘ಛಲೋ ಜಾಗಾ’ ಬರುವಷ್ಟರಲ್ಲಿ ಆಳು ಸತ್ತಿರುತ್ತಿದ್ದ. ನಾವು ಬಾಯಿ ಬಡಿದುಕೊಳ್ಳುತ್ತಿದ್ದೆವು, ಕಾಕಾ ಮತ್ತೆ ಮೊದಲಿಂದ ಶುರು ಮಾಡುತ್ತಿದ್ದ. ಕೊನೆಗೆ ವಿಜಾಪುರದ ಒಂದು ಸೈಬರ್ ಅಂಗಡಿಯಲ್ಲಿ ಅವನಿಗೆ ತನ್ನಂಥ ಹುಚ್ಚರು ಜಗತ್ತಿನ ತುಂಬ ಇದ್ದಾರೆಂಬುದು ತಿಳಿಯಿತು. ಹಳೆಯ ಆಟಗಳ ಸಂಗೀತವನ್ನು ಕಿವಿಯಿಂದ ಕೇಳಿ, ಸ್ವರ ಸ್ವರ ಬಿಡಿಸಿ, ಮಿಡಿ ಎಂಬ ಸಣ್ಣ ಕಡತಗಳಾಗಿ ಬರೆದು, ಯಾರು ಬೇಕಾದರೂ ತಗೊಳ್ಳಲಿ ಎಂದು ಇಂಟರ್ನೆಟ್ಟಿನಲ್ಲಿ ಇಟ್ಟವರು ಅವರು. ಕಾಕಾ ಅವನ್ನು ಫ್ಲಾಪಿಗೆ ತುಂಬಿಕೊಂಡು, ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು ಬರುತ್ತಿದ್ದ. ಮನೆಯ ಕಂಪ್ಯೂಟರಿಗೆ ಹಾಡು ಇಳಿಸಿ, ಫ್ಲಾಪಿ ಒರೆಸಿ, ಮತ್ತೆ ವಿಜಾಪುರದ ದಾರಿ ಹಿಡಿಯುತ್ತಿದ್ದ. ಅಷ್ಟು ಚಿಕ್ಕ ತಗಡಿನಲ್ಲಿ ಅಷ್ಟೊಂದು ಹಾಡು ಹಿಡಿಯುವುದು ಆಯಿಗೆ ಸರಿಬರಲಿಲ್ಲ.

“ಯವ್ವಾ, ಇದರಾಗ ಹಾಡಿಲ್ಲ. ಯಾರು ಯಾವಾಗ ಏನ ಬಾರಸಬೇಕು ಅನ್ನೂ ಚೀಟಿ ಅಷ್ಟ ಐತಿ. ಬಾರಸವ್ರು ಕಂಪ್ಯೂಟರಿನ್ಯಾಗ ಕುಂತಾರ.”

“ಹಂಗಾರ ಅವರಿಗೆ ಊಟಾ?”

“ಕರೆಂಟ್ ಅವರ ಊಟಾ.”

“ಅದಕ್ಕ ಮತ್ತ ನಮ್ಮೂರಾಗ ದಿನಾ ಉಪವಾಸ ಬೀಳ್ತಾವ” ಎಂದು ಆಯಿ ಲಿಂಬೆ ಹೆಚ್ಚುವುದನ್ನು ಮುಂದುವರಿಸಿದಳು. ಆದರೆ ಅಂದಿನಿಂದ ಅವಳೇ ಎಲ್ಲರಿಗಿಂತ ಹೆಚ್ಚು ಹಾಡು ಕೇಳುವವಳಾದಳು. ಕಡತಗಳ ಇಂಗ್ಲಿಷ್ ಹೆಸರು ಯಾರಿಗೂ ಬೇಕಿರಲಿಲ್ಲ. ಮನೆಯವರೇ ಹೆಸರಿಟ್ಟರು: ನೀರಿನ ಹಾಡು, ಗವಿ ಹಾಡು, ಗಾಡಿ ಓಡೂ ಹಾಡು, ರಾಕ್ಷಸನ ಹಾಡು. ಗಾಡಿ ಓಡುವ ಹಾಡು ಹಚ್ಚಿದರೆ ಹಣ್ಣು ಆರಿಸುವ ಹೆಂಗಸರ ಕೈಗಳು ತಾವಾಗಿಯೇ ಬಿರುಸಾಗುತ್ತಿದ್ದವು. ಕೆಲಸ ಬೇಗ ಮುಗಿಯಿತೆಂದು ಅಪ್ಪ ಹಿಗ್ಗಿದ್ದು ಒಂದೇ ದಿನ. ಮರುದಿನ ದಪ್ಪ ಹಣ್ಣಿನ ಚೀಲದಲ್ಲಿ ಅರ್ಧಕ್ಕರ್ಧ ಸಣ್ಣವು ಸಿಕ್ಕಮೇಲೆ ಆರಿಸುವ ಹೊತ್ತಿನಲ್ಲಿ ಗವಿ ಹಾಡು ಮಾತ್ರ ಹಚ್ಚಬೇಕೆಂದು ಕಟ್ಟಪ್ಪಣೆಯಾಯಿತು. ಆಯಿಗೆ ಸೇರಿದ್ದು ಮಾತ್ರ ಬೇರೆಯೇ ಒಂದು, ಆಳು ಸತ್ತು ಆಟ ಮುಗಿದಾಗ ಬರುವ ತುಣುಕು. ಎಷ್ಟು ಸಮಾಧಾನ ಐತಿ ಇದರಾಗ, ಎಂದು ದಿನಾ ದೀಪ ಹಚ್ಚಿದ ಮೇಲೆ ಹಾಕಿಸಿಕೊಂಡು ಕೇಳುತ್ತಿದ್ದಳು. ಅದು ಸತ್ತಾಗ ಬರುವ ಹಾಡು ಎಂದು ನನ್ನ ತಮ್ಮ ಬಾಯಿ ಬಿಟ್ಟ ದಿನ ಅವ್ವ ಅಡಿಗೆಮನೆಯಿಂದ ಚಪಾತಿ ಲಟ್ಟಿಸುವ ಲತ್ತಗುಣಿ ಹಿಡಿದುಕೊಂಡೇ ಓಡಿಬಂದಳು. ದೀಪ ಹಚ್ಚೋ ಹೊತ್ತಿನಲ್ಲಿ ಅಂಥದ್ದು ಬೇಡವೇ ಬೇಡ ಎಂದಳು. ಅತ್ತೆ ಸೊಸೆಯ ನಡುವೆ ಎರಡು ದಿನ ಮಾತು ನಿಂತಿತ್ತು. ಮೂರನೆಯ ದಿನ ಆಯಿ, “ಸತ್ತ ಮ್ಯಾಲ ಹಿಂಗ ಇರತೈತಿ ಅಂದ್ರ ನನಗ ಅಡ್ಡಿ ಇಲ್ಲ ಬಿಡವ್ವ” ಅಂದಳು. ಅವ್ವನಿಗೆ ನಗು ತಡೆಯಲಾಗಲಿಲ್ಲ.

ಕಾಕಾ ನನಗೆ ಕಲಿಸಿದ್ದು ಇನ್ನೊಂದು. ಮಿಡಿ ಹಾಡನ್ನು ತೆರೆದರೆ ಪರದೆಯ ಮೇಲೆ ಪ್ರತಿಯೊಂದು ವಾದ್ಯಕ್ಕೂ ಒಂದೊಂದು ಸಾಲು ಕಾಣುತ್ತಿತ್ತು. ಬೇಡವಾದ ಸಾಲಿನ ಬಾಯಿ ಮುಚ್ಚಿಸಬಹುದಾಗಿತ್ತು. ಕಾಕಾ ಕೊಳಲನ್ನು ಸುಮ್ಮನಾಗಿಸುತ್ತಿದ್ದ, ಡೋಲನ್ನು ಸುಮ್ಮನಾಗಿಸುತ್ತಿದ್ದ, ಕೊನೆಗೆ ತಳದಲ್ಲಿ ಯಾರೂ ಗಮನಿಸದೆ ದುಡಿಯುವ ಒಂದು ದಪ್ಪ ದನಿ ಮಾತ್ರ ಉಳಿಯುತ್ತಿತ್ತು. “ಈಗ ಕೇಳು, ಮನಿ ನಡಸಾಂವ ಇಂವ” ಅನ್ನುತ್ತಿದ್ದ. ಆಮೇಲೆ ಎಲ್ಲರನ್ನೂ ಒಬ್ಬೊಬ್ಬರಾಗಿ ಒಳಗೆ ಕರೆಯುತ್ತಿದ್ದ. ನನ್ನ ಕಿವಿ ತಯಾರಾದದ್ದು ಆ ಮೂಲೆಯಲ್ಲಿ. ಇವತ್ತಿಗೂ ನಾಲ್ಕು ಜನ ಕೂಡಿ ಮಾತಾಡುವಲ್ಲಿ ಯಾರು ಜೋರಾಗಿದ್ದಾರೆ ಎಂಬುದಕ್ಕಿಂತ ಯಾರು ಸುಮ್ಮನಾದರು ಎಂಬುದು ನನಗೆ ಮೊದಲು ಗೊತ್ತಾಗುತ್ತದೆ. ಈಗ ನಾನು ಸಿಂದಗಿಯಲ್ಲಿ ಕಾಲೇಜು ಹುಡುಗರಿಗೆ ಪಾಠ ಹೇಳುತ್ತೇನೆ. ಅಂಗೈಯಗಲದ ಒಂದು ಡಿಸ್ಕಿನಲ್ಲಿ, ಒಂದು ಜನ್ಮಕ್ಕೆ ಕೇಳಿ ಮುಗಿಯದಷ್ಟು ಮಿಡಿ ಹಾಡುಗಳಿವೆ. ಒಂದೇ ನೀರಿನ ಹಾಡನ್ನು ಬೇರೆ ಬೇರೆಯವರು ಬರೆದದ್ದೆಲ್ಲ ಕೂಡಿಹಾಕಿದ್ದೇನೆ. ಒಬ್ಬ ಕೊಳಲಿಗೆ ಕೊಟ್ಟದ್ದನ್ನು ಇನ್ನೊಬ್ಬ ಪಿಟೀಲಿಗೆ ಕೊಟ್ಟಿರುತ್ತಾನೆ, ಮತ್ತೊಬ್ಬ ಒಂದು ಸ್ವರ ತಪ್ಪಿಯೇ ಬರೆದಿರುತ್ತಾನೆ, ಆ ತಪ್ಪೂ ನನಗೆ ಬೇಕು. “ಮಮ್ಮಿ, ಇಂಥಾ ಟುಂಯ್ ಟುಂಯ್ ಹೆಂಗ ಕೇಳ್ತಿ?” ಎಂದು ಮಗಳು ಮೂಗು ಮುರಿಯುತ್ತಾಳೆ. ಆ ‘ಟುಂಯ್ ಟುಂಯ್’ ಎಂಬ ಶಬ್ದ ಕೇಳಿದಾಗ ನನಗೆ ಮಾತ್ರ ಒಂದು ಬೇಸಿಗೆಯ ಸಂಜೆ ನೆನಪಾಗುತ್ತದೆ.

ಆ ಬೇಸಿಗೆಯಲ್ಲಿ ಹೈದರಾಬಾದಿಗೆ ಹಣ್ಣು ತುಂಬಲು ಲಾರಿ ಬಾಗಿಲಿಗೆ ಬಂದು ನಿಂತಿತ್ತು. ಹಣ್ಣು ತುಂಬಿಸಿ ಲಾರಿಯ ಸಂಗಡ ಹೋಗುವುದು ಯಾವಾಗಲೂ ಕಾಕಾನ ಕೆಲಸ. ಅವನು ಮುಂಜಾನೆ ಗಾಡಿ ಹತ್ತಿ, ಮಧ್ಯಾಹ್ನದ ಊಟಕ್ಕೆ ಬಂದೇ ಬರುತ್ತೇನೆ ಎಂದು ವಿಜಾಪುರಕ್ಕೆ ಹೋದ. ಯಾರೋ ಪುಣ್ಯಾತ್ಮ ಹಳೆಯ ಟಿವಿ ಗೇಮುಗಳ ಹಾಡನ್ನೆಲ್ಲ ಒಟ್ಟುಗೂಡಿಸಿ ಒಂದೇ ಗಂಟು ಕಟ್ಟಿ ಇಂಟರ್ನೆಟ್ಟಿನಲ್ಲಿ ಇಟ್ಟಿದ್ದ. ಬಹಳ ದಿನದಿಂದ ಅದನ್ನು ಇಳಿಸಿಕೊಳ್ಳಲು ಕಾಕಾ ಹೆಣಗುತ್ತಿದ್ದ, ಪ್ರತಿಸಲವೂ ನಡುವೆ ಫೋನಿನ ಲೈನು ಕಡಿಯುತ್ತಿತ್ತು. ಆ ದಿನ ಕಡಿಯಲಿಲ್ಲ. ಎಲ್ಲಿ ಎದ್ದರೆ ಕಡಿದೀತೋ ಎಂದು ಅವನು ಏಳಲೂ ಇಲ್ಲ. ಗಂಟು ದೊಡ್ಡದು, ಒಂದು ಫ್ಲಾಪಿಯಲ್ಲಿ ಹಿಡಿಯದು, ಅದಕ್ಕೆ ತುಂಡು ತುಂಡು ಮಾಡಿ ಒಂದೊಂದರಲ್ಲಿ ಒಂದೊಂದು ತುಂಬಿ, ದೀಪ ಹಚ್ಚುವ ಹೊತ್ತಿಗೆ ಆ ಫ್ಲಾಪಿಗಳ ಒಂದು ನೀಲಿ ಡಬ್ಬಿ ಹಿಡಿದು ಮನೆಗೆ ಬಂದ. ಚೀಲ ತುಂಬಿಕೊಂಡ ಲಾರಿ ದಿನವೆಲ್ಲ ಬಿಸಿಲಲ್ಲಿ ಕಾದು, ಡ್ರೈವರ್ ಬೈದುಕೊಂಡು ಚೀಲ ಕೆಳಗಿಳಿಸಿ, ಬೇರೆಯವರ ಮಾಲು ತುಂಬಲು ಹೋಗಿಬಿಟ್ಟಿದ್ದ. ಬಾಯಿ ಹೊಲಿದ ಚೀಲಗಳಲ್ಲಿ ಹಣ್ಣು ಕಾವು ಹಿಡಿದಿತ್ತು. ಅಪ್ಪ ಒಂದು ಚೀಲದ ಹೊಲಿಗೆ ಬಿಚ್ಚಿ, ಒಳಗೆ ಕೈ ಹಾಕಿ, ಮೆತ್ತಗಾದ ಹಣ್ಣು ತೆಗೆದು ಅಂಗೈಯಲ್ಲಿ ಹಿಡಿದು ತೋರಿಸಿದ.

“ನಿನ್ನ ಟುಂಯ್ ಟುಂಯ್ ಸಲುವಾಗಿ ಒಂದು ಲಾರಿ ಹಣ್ಣು ಕೊಳೀತು. ಮದಿವ್ಯಾದಂವ ನೀ. ಇನ್ನೂ ಹುಡುಗೂರ ಆಟಾ!”

“ಹಣ್ಣು, ಹಣ್ಣು, ಹಣ್ಣು! ಈ ಮನ್ಯಾಗ ಹಣ್ಣಿಗಿರೂ ಕಿಮ್ಮತ್ತು ಮನಿಷ್ಯಾಗಿಲ್ಲ. ನನ್ನ ಪಾಲು ನನಗ ಕೊಟ್ಟಬಿಡು.”

ತಪ್ಪು ಕಾಕಾನದೇ. ಅದು ಅವನಿಗೂ ಗೊತ್ತಿತ್ತು, ಗೊತ್ತಿದ್ದದ್ದಕ್ಕೇ ಅಷ್ಟು ದೊಡ್ಡ ಮಾತು ಬಾಯಿಂದ ಬಂತು. ಆಡಿದ ಮಾತನ್ನು ಹಿಂದಕ್ಕೆ ತಗೊಳ್ಳುವ ಗುಣ ನಮ್ಮ ಮನೆತನದಲ್ಲಿ ಗಂಡಸರಿಗೆ ಬಂದಿಲ್ಲ. ಅವನು ತಂದ ಡಬ್ಬಿಯನ್ನು ತೆರೆಯಲೂ ಇಲ್ಲ, ಆ ಕಂಪ್ಯೂಟರ್ ಮುಟ್ಟಲೂ ಇಲ್ಲ. ಮುಂದಿನ ಅಮಾವಾಸ್ಯೆಯೊಳಗೆ ಮಸೂತಿಯ ಸೋದರಮಾವ, ಲಚ್ಯಾಣದ ಒಬ್ಬ ಹಿರಿಯ ಸಂಬಂಧಿಕ ಬಂದು ಪಡಸಾಲೆಯಲ್ಲಿ ಕಂಬಳಿ ಹಾಸಿಕೊಂಡು ಕುಳಿತರು.

ನಮ್ಮ ಕಡೆ ಪಾಲಿನ ಪದ್ಧತಿ ಸರಳ. ಹಿರಿಯ ಮಗ ಎಲ್ಲವನ್ನೂ ಎರಡು ಗುಂಪು ಮಾಡಬೇಕು, ಕಿರಿಯ ಮಗ ಮೊದಲು ಆರಿಸಿಕೊಳ್ಳಬೇಕು. ಹೀಗಾಗಿ ಹಿರಿಯನಿಗೆ ಮೋಸ ಮಾಡಲು ಬರುವುದಿಲ್ಲ. ಅಪ್ಪ ಬಾವಿ ಇದ್ದ ಲಿಂಬೆಯ ತೋಟವನ್ನೂ ಕಂಪ್ಯೂಟರನ್ನೂ ಒಂದೇ ಗುಂಪಿಗೆ ಇಟ್ಟ. ಆಚೆ ಗುಂಪಿಗೆ ಒಣ ಹೊಲ, ಮೋಟಾರ್ ಸೈಕಲ್. ತಮ್ಮನಿಗೆ ಕೊಡಬೇಕೆಂದೇ ಆ ಮೊದಲ ಗುಂಪು ಕಟ್ಟಿದ್ದಾನೆಂಬುದು ಕುರುಡನಿಗೂ ಕಾಣುವಂತಿತ್ತು. ಕಾಕಾನಿಗೂ ಕಂಡಿತು. ಕಂಡ ಮೇಲೆ, ನಾನು ಹಾಡಿನ ಆಸೆಗೆ ಬಿದ್ದವನಲ್ಲ ಎಂದು ತೋರಿಸಲು, ಒಣ ಹೊಲದ ಗುಂಪಿನ ಮೇಲೆ ಕೈ ಇಟ್ಟ. ಅಪ್ಪನ ಮುಖ ಸಣ್ಣದಾಯಿತು. ಆಯಿ ಹಣೆ ಚಚ್ಚಿಕೊಂಡಳು.

“ಒಬ್ಬಗ ಕೊಡಾಕ ಬರೂದಿಲ್ಲ, ಒಬ್ಬಗ ತಗೊಳ್ಳಾಕ ಬರೂದಿಲ್ಲ. ಎರಡೂ ನಾನ ಹಡದದ್ದು.”

ಪಾತ್ರೆ, ಮಣೆ, ಜರಡಿ, ಹಗ್ಗ ಎಲ್ಲ ಮುಗಿದು ಎಲ್ಲರೂ ಏಳುವಾಗ ಲಚ್ಯಾಣದ ಹಿರಿಯರ ಕಣ್ಣು ಕಿಟಕಿಯಲ್ಲಿದ್ದ ನೀಲಿ ಡಬ್ಬಿಯ ಮೇಲೆ ಬಿತ್ತು.

“ಅದರಾಗ ಏನೈತಿ?”

“ಹಾಡು ಅದಾವ್ರಿ” ಅಂದಳು ಅವ್ವ.

“ಹಾಡಾದ್ರೇನು, ಮನಿ ಒಡವಿನ. ಅರ್ಧಾ ಅರ್ಧಾ ಮಾಡ್ರಿ.”

ಸೋದರಮಾವ ಡಬ್ಬಿಯ ಮುಚ್ಚಳ ತೆಗೆದು ಒಂದು ಇಲ್ಲಿ, ಒಂದು ಅಲ್ಲಿ ಎಂದು ಫ್ಲಾಪಿಗಳನ್ನು ಹಂಚಿದ. ಅವರ ಕಣ್ಣಿಗೆ ಒಂದೊಂದೂ ಬೇರೆ ಬೇರೆ ಹಾಡಿನದಾಗಿತ್ತು. ಕಾಕಾ ಏನೋ ಹೇಳಲು ಬಾಯಿ ತೆರೆದ, ಮತ್ತೆ ಮುಚ್ಚಿದ. ಹಿರಿಯರು ಸಕ್ಕರೆ ಬಾಯಿಗೆ ಹಾಕಿಕೊಂಡು ಎದ್ದರು. ಅಪ್ಪ ತನ್ನ ಪಾಲಿಗೆ ಬಂದ ಫ್ಲಾಪಿಗಳನ್ನು ಪಾಲಿನ ಕಾಗದದ ಜೊತೆಗೆ ದೇವರ ಕೋಣೆಯ ಕಪಾಟಿನಲ್ಲಿಟ್ಟು ಕೀಲಿ ಹಾಕಿದ.

ಪಡಸಾಲೆಯ ನಡುವೆ ಇಟ್ಟಿಗೆಯ ಗೋಡೆ ಎದ್ದಿತು. ಆಯಿ ತಾನು ಮಾತ್ರ ಪಾಲಾಗಲು ಒಪ್ಪಲಿಲ್ಲ. ಮಧ್ಯಾಹ್ನ ನಮ್ಮಲ್ಲಿ ಉಣ್ಣುತ್ತಿದ್ದಳು, ರಾತ್ರಿ ಅವರಲ್ಲಿ. ಹೋಗುವಾಗ ಸೆರಗಿನ ಮರೆಯಲ್ಲಿ ಅವ್ವ ಕೊಟ್ಟ ಎಣಗಾಯಿಯ ಬಟ್ಟಲು, ಬರುವಾಗ ಚಿಗವ್ವ ಕೊಟ್ಟ ಶೇಂಗಾ ಹಿಂಡಿ. ಗೋಡೆ ನಿಂತದ್ದು ಗಂಡಸರಿಗೆ ಮಾತ್ರ. ಅಪ್ಪ, ಕಾಕಾ ಎದುರುಬದುರಾದರೆ ಒಬ್ಬ ಆಕಾಶ ನೋಡುತ್ತಿದ್ದ, ಒಬ್ಬ ಚಪ್ಪಲಿ ನೋಡುತ್ತಿದ್ದ. ನನಗೆ ಆ ದಿನಗಳಲ್ಲಿ ಮನೆಯೇ ಒಂದು ಸಾಲಿನ ಬಾಯಿ ಮುಚ್ಚಿಸಿದ ಹಾಡಿನಂತೆ ಕೇಳುತ್ತಿತ್ತು. ಬಹಳ ಸಂಕಟವಾಗುತ್ತಿತ್ತು, ಯಾರಿಗೆ ಹೇಳಬೇಕೋ ತಿಳಿಯುತ್ತಿರಲಿಲ್ಲ. ಅಪ್ಪ ಪೇಟೆಗೆ ಹೋದಾಗ ನಮ್ಮ ಕಂಪ್ಯೂಟರಿನಲ್ಲಿ ನೀರಿನ ಹಾಡು ಹಚ್ಚಿ ದನಿ ಏರಿಸುತ್ತಿದ್ದೆ. ಅದು ಗೋಡೆಯಾಚೆ ಕೇಳಿದಾಗ ಕಾಕಾ ಉಣ್ಣುವುದನ್ನು ನಿಲ್ಲಿಸುತ್ತಾನೆಂದು ಚಿಗವ್ವ ಆಯಿಗೆ ಹೇಳಿದ್ದಳಂತೆ.

ಕೆಲವು ತಿಂಗಳ ಮೇಲೆ ಚಿಗವ್ವನ ತವರು ಮನಗೂಳಿಯಿಂದ ಒಂದು ಹಳೆಯ ಕಂಪ್ಯೂಟರ್ ಬಂದು ಕಾಕಾನ ಮನೆ ಸೇರಿತು. ಒಂದು ಮಧ್ಯಾಹ್ನ ಗೋಡೆಯಾಚೆಯಿಂದ ನೀರಿನ ಹಾಡು ಬಂತು. ಎಲ್ಲಿಂದಲೋ ಮತ್ತೆ ಹುಡುಕಿ ತಂದಿದ್ದ. ಆದರೆ ಅದು ನಮ್ಮ ನೀರಿನ ಹಾಡಾಗಿರಲಿಲ್ಲ. ಕೊಳಲು ಇರಬೇಕಾದಲ್ಲಿ ಏನೋ ಪೀಪಿ, ಡೋಲು ಇರಬೇಕಾದಲ್ಲಿ ತಗಡು ಬಡಿದ ಸದ್ದು. ನಾನು ಸಿಟ್ಟಿನಿಂದ ಓಡಿದೆ.

“ಕಾಕಾ, ನಿನ್ನ ಕಂಪ್ಯೂಟರ್ ಹಾಡು ತಪ್ಪು ಹಾಡಾಕತ್ತೈತಿ.”

“ತಪ್ಪಲ್ಲ ಸವೀ. ಚೀಟಿ ಅದ ಐತಿ. ಬಾರಸವ್ರು ಬ್ಯಾರೆ ಆದ್ರು.”

“ಆ ನೀಲಿ ಡಬ್ಬಿ ಹಾಡಾರೆ ಹಚ್ಚು. ನಿನ್ನ ಪಾಲಿಗೆ ಬಂದಾವಲ್ಲ.”

ಆಗ ಅವನು ಹೇಳಿದ, ಅವು ಬೇರೆ ಬೇರೆ ಹಾಡುಗಳಲ್ಲ, ಒಂದೇ ಗಂಟಿನ ತುಂಡುಗಳು ಎಂದು. ಎಲ್ಲ ಕೂಡಿದರೆ ಬಿಚ್ಚುತ್ತವೆ. ಒಂದು ಕಡಿಮೆಯಾದರೂ ಒಂದು ಹಾಡೂ ಹೊರಬರುವುದಿಲ್ಲ. ಅವನ ಪಾಲು ಅವನಿಗೆ ಕೆಲಸಕ್ಕೆ ಬಾರದು, ನಮ್ಮ ಪಾಲು ನಮಗೆ.

“ಮತ್ತ ಹಿರ್ಯಾರ ಮುಂದ ಯಾಕ ಹೇಳಲಿಲ್ಲ?”

“ಹೇಳಿದ್ರ, ನೋಡು, ಮನಿ ಒಡ್ಯಾಕತ್ತೈತಿ, ಇಂವಗ ಹಾಡಿಂದ ಚಿಂತಿ ಅಂತಿದ್ರು.”

“ಇನ್ನೊಮ್ಮೆ ವಿಜಾಪುರದಿಂದ ತಾ.”

“ಬ್ಯಾಡ. ಆ ಗಂಟಿನ ತಂಟೆಗೆ ನಾ ಒಬ್ಬನ ಮತ್ತ ಹೋಗಾಂವಲ್ಲ.”

ಪಂಚಮಿಯ ಹಬ್ಬ ಬಂತು. ಮಧ್ಯಾಹ್ನ ಅವ್ವ ತಾಟಿಗೆ ಉಂಡಿ, ಜೋಳದ ಅಳ್ಳು ಬಡಿಸುತ್ತಿದ್ದಾಗ ನಾನು ಎಲ್ಲರ ಮುಂದೆ ಆ ಗಂಟಿನ ಸಂಗತಿ ಹೇಳಿಬಿಟ್ಟೆ. ಅಪ್ಪನ ಕೈ ತಾಟಿನಲ್ಲೇ ನಿಂತಿತು. “ಹಿರ್ಯಾರು ಹಂಚಿದ್ದು. ಪಾಲಾದದ್ದು ತಿರುಗಿ ಕೊಡಬಾರ್ದು, ತಗೋಬಾರ್ದು” ಅಂದ. ಆಯಿ ತನ್ನ ತಾಟನ್ನು ಮುಂದಕ್ಕೆ ಸರಿಸಿದಳು.

“ಕೊಡು ಅಂದವ್ರ್ಯಾರು? ನಿನ್ನವು ಕಂಪ್ಯೂಟರಿಗೆ ನೀ ಹಾಕು, ನೀನ ತಕ್ಕೋ. ಅವನವು ಅಂವ ಹಾಕ್ಲಿ, ಅಂವನ ತಕ್ಕೊಳ್ಳಿ. ನನಗ ಒಂದು ಲಾರಿ ಹಣ್ಣು ಕೊಳಿಸಿದ ಹಾಡು ಎಂಥಾದ್ದು ಅಂತ ಒಮ್ಮೆ ಕೇಳಬೇಕಾಗೇತಿ. ಅಲ್ಲೀತನಾ ಉಂಡಿ ಬ್ಯಾಡ.”

ಹಬ್ಬದ ದಿನ ತಾಯಿ ತಾಟು ಸರಿಸಿದ ಮೇಲೆ ಯಾವ ಮಗ ಏನು ಮಾಡಿಯಾನು? ಅಪ್ಪ ಎದ್ದು ಕಪಾಟಿನ ಕೀಲಿ ತೆಗೆದ. ನಾನು ಗೋಡೆಯಾಚೆ ಓಡಿದೆ. ಕಾಕಾ ಬರುವಾಗ ಹೊಸ ಅಂಗಿ ಹಾಕಿಕೊಂಡು ಬಂದ, ಬೀಗರ ಮನೆಗೆ ಬಂದವರ ಹಾಗೆ ಹೊಸ್ತಿಲಲ್ಲಿ ನಿಂತ. ಬಾ ಎಂದು ಯಾರೂ ಅನ್ನಲಿಲ್ಲ. ಅಪ್ಪ ಇನ್ನೊಂದು ಖುರ್ಚಿ ಎಳೆದು ಇಟ್ಟ. ಇಬ್ಬರೂ ತಮ್ಮ ತಮ್ಮ ಫ್ಲಾಪಿಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತರು. ಕಂಪ್ಯೂಟರ್ ಒಂದೊಂದಾಗಿ ಕೇಳತೊಡಗಿತು. ಕಾಕಾ ಒಂದು ಹಾಕಿದ, ಅದು ಕರಕರ ಓದಿತು, ತೆಗೆದ. ಅಪ್ಪ ಒಂದು ಹಾಕಿದ. ಮೊದಲು ಅಪ್ಪ ಅದನ್ನು ಉಲ್ಟಾ ತುರುಕಲು ನೋಡಿದಾಗ ಕಾಕಾ ಮಾತಾಡದೆ ಅವನ ಮುಂಗೈ ಹಿಡಿದು ತಿರುಗಿಸಿದ. ಬಾಗಿಲಲ್ಲಿ ಚಿಗವ್ವ, ಅಡಿಗೆಮನೆಯ ಕಟ್ಟೆಯಲ್ಲಿ ಅವ್ವ. ಈ ಗಂಟು ಬಿಚ್ಚಿಕೊಂಡರೆ ಎಲ್ಲವೂ ಸರಿಹೋಗುತ್ತದೆ ಎಂದು ನಂಬಿಬಿಟ್ಟಿದ್ದೆ.

ಅಪ್ಪನ ಪಾಲಿನ ಒಂದು ಫ್ಲಾಪಿಯ ಹತ್ತಿರ ಬಂದು ಕಂಪ್ಯೂಟರ್ ನಿಂತಿತು. ಕರಕರ ಅಂದಿತು, ಸುಮ್ಮನಾಯಿತು, ಮತ್ತೆ ಕರಕರ ಅಂದಿತು. ಪರದೆಯ ಮೇಲೆ, ಓದಲಾಗುತ್ತಿಲ್ಲ ಎಂಬ ಬರಹ ಬಂತು. ಕಾಕಾ ಅದನ್ನು ತೆಗೆದು, ತಗಡಿನ ಬಾಯಿ ಸರಿಸಿ ಬೆಳಕಿಗೆ ಹಿಡಿದ. ಒಳಗಿನ ಕರಿ ಹಾಳೆಯ ಮೇಲೆ ಬಿಳಿಯ ಬೂಷ್ಟು. ಮಳೆಗಾಲದ ಗಾಳಿ, ಕಪಾಟಿನ ತಂಪು, ಹಸಿ ಲಿಂಬೆಯ ಪಸೆ ಎಲ್ಲ ಸೇರಿ ಅದನ್ನು ತಿಂದಿದ್ದವು. ಒರೆಸಿ ಮತ್ತೆ ಹಾಕಿದರೂ ಅದೇ ಬರಹ. ಕಾಕಾ ತನ್ನ ಫ್ಲಾಪಿಗಳನ್ನು ಜೋಡಿಸಿಕೊಂಡು ಏಳತೊಡಗಿದ.

“ಕುಂದರು” ಅಂದ ಅಪ್ಪ. ಕಾಕಾ ಕುಳಿತ.

“ನನ್ನ ಪಾಲಿಂದು ಕೆಟ್ಟೈತಿ. ಅದನ್ನ ನಾನ ತುಂಬಿ ಕೊಡಬೇಕು. ಎಲ್ಲಿ ಸಿಗತೈತಿ ನನಗ ಗೊತ್ತಿಲ್ಲ. ನೀ ಕರಕೊಂಡು ಹೋಗು.”

ಕಾಕಾ ಅಣ್ಣನ ಮುಖವನ್ನು ನೋಡಿದ. ಗೋಡೆ ಎದ್ದಮೇಲೆ ಅವನು ನೆಟ್ಟಗೆ ನೋಡಿದ್ದು ಅದೇ ಮೊದಲು.

“ಹಬ್ಬದ ದಿನ ಐತಿ. ಅಂಗಡಿ ತಗದಿರತೈತೋ ಇಲ್ಲೋ.”

“ಹೋಗಿ ನೋಡೂಣು.”

ಅಪ್ಪ ಟೊಪ್ಪಿಗೆ ಹಾಕಿಕೊಂಡು ಹೊರಗೆ ಬಂದ. ಯಾರ ಬೆನ್ನ ಹಿಂದೆಯೂ ಕುಳಿತು ಹೋಗದ ಮನುಷ್ಯ ಧೋತರ ಎತ್ತಿಕೊಂಡು ತಮ್ಮನ ಗಾಡಿಯ ಹಿಂದೆ ಕುಳಿತ. ಕೈ ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲೇ ಇಟ್ಟುಕೊಂಡಿದ್ದ. ಕಾಕಾ ಕಿಕ್ ಹೊಡೆದು ತಿರುಗಿ ನೋಡಿದ.

“ಅಣ್ಣಾ, ಗಟ್ಟಿ ಹಿಡ್ಕೋ.”

ಅಪ್ಪ ಅವನ ಹೆಗಲು ಹಿಡಿದ. ಬಾಗಿಲಿಗೆ ಬಂದಿದ್ದ ಅವ್ವ ಅಳುತ್ತಿದ್ದಳು. ಗಾಡಿ ಓಣಿಯ ತಿರುವು ದಾಟುವವರೆಗೂ ನಾನು, ಆಯಿ ಕಟ್ಟೆಯ ಮೇಲೆ ನಿಂತು ನೋಡಿದೆವು. ಆಮೇಲೆ ಆಯಿ ಕೇಳಿದಳು:

“ಸಿಗತೈತೇನ ಅದು?”

“ಗೊತ್ತಿಲ್ಲ ಆಯಿ. ಸಿಗದನೂ ಇರಬಹುದು.”

“ಸಿಗದಿದ್ರ ಛಲೋ ಆತು” ಅಂದಳು ಆಯಿ. “ನಾಳಿ ಮತ್ತ ಇಬ್ರೂ ಹೋಗ್ತಾರ.”